ಕರುಳಿಗೆ ಕಟ್ಟಿದ ದಾರ

ಹನ್ನೊಂದು ವರ್ಷಗಳಲ್ಲಿ ಒಂಬತ್ತು ಸಲ ಕರುಳು ಕೆರಳಿ ಹಾಸಿಗೆ ಹಿಡಿದ ಮೇಲೆ ಹುಲಿಗೆಮ್ಮ ದಾರ ಕಟ್ಟಿಸಿಕೊಳ್ಳಲು ಒಪ್ಪಿದಳು.

ಆಗ ಅವಳಿಗೆ ಮೂವತ್ತೆಂಟು. ಹೊಸಪೇಟೆಯಿಂದ ಅರ್ಧ ಗಂಟೆ ದೂರದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದವಳು. ನೆಲದಿಂದ ನೂರ ಹನ್ನೆರಡು ಮೆಟ್ಟಿಲು ಹತ್ತಿದರೆ ಛಾವಣಿಯ ಕೆಳಗೆ ತೂಗುವ ಒಂದು ಗಾಜಿನ ಕೋಣೆ. ಅಲ್ಲಿ ಕುಳಿತು, ಕುದಿಯುವ ಉಕ್ಕು ತುಂಬಿದ ಬೋಗುಣಿಯನ್ನು ಕುಲುಮೆಯಿಂದ ಅಚ್ಚಿನವರೆಗೆ ತುಳುಕದಂತೆ ಸಾಗಿಸುವುದು ಅವಳ ಕೆಲಸ. ಕೈಯಲ್ಲಿರುವ ಹಿಡಿಕೆಯನ್ನು ಒಂದು ಕೂದಲೆಳೆಯಷ್ಟು ಹೆಚ್ಚು ತಳ್ಳಿದರೂ ಕೆಳಗಿರುವವರ ತಲೆಯ ಮೇಲೆ ಕಿಡಿ ಉದುರುತ್ತಿತ್ತು. ಅವಳು ಮೇಲಿದ್ದ ಪಾಳಿಯಲ್ಲಿ ಕೆಳಗಿನವರು ತಲೆ ಎತ್ತಿ ನೋಡುತ್ತಲೇ ಇರಲಿಲ್ಲ. ಅಷ್ಟು ನಂಬಿಕೆ.

ಆ ಗಾಜಿನ ಕೋಣೆಯಲ್ಲಿ ಶೌಚಾಲಯ ಇರಲಿಲ್ಲ. ದೊಡ್ಡ ಕರುಳಿನ ಉರಿಯೂತ ಇರುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ. ಕಾಯಿಲೆ ಕೆರಳಿದಾಗ ದಿನಕ್ಕೆ ಹದಿನೈದು ಸಲ ಹೋಗಬೇಕು, ರಕ್ತ ಬೀಳುತ್ತದೆ. ಔಷಧಿಯಿಂದ ಉರಿ ಆರುತ್ತದೆ. ಆರಿದ ಮೇಲೂ ಹುಲಿಗೆಮ್ಮನಿಗೆ ನೋವು ಮಾತ್ರ ಹೋಗುತ್ತಿರಲಿಲ್ಲ. ಒಂದು ತುತ್ತು ಅನ್ನ ಇಳಿದರೂ, ಚೂರು ಗಾಳಿ ಸರಿದರೂ ಚಾಕು ಆಡಿಸಿದಂತೆ ಆಗುತ್ತಿತ್ತು. ಏಳನೆಯ ಸಲ ಕೆರಳಿದ ಮೇಲೆ ಕಾರ್ಖಾನೆಯವರು ಅವಳನ್ನು ಕೆಳಗಿಳಿಸಿ, ಗೇಟಿನ ಬಳಿ ಬರುವವರಿಗೆ ಹೆಲ್ಮೆಟ್ ಕೊಡುವ ಕೆಲಸಕ್ಕೆ ಹಾಕಿದರು.

ಹೊಸಪೇಟೆಯ ಕಾಲುವೆಯ ದಂಡೆಯ ಮೇಲೆ ಕರುಳು ಮತ್ತು ನರಗಳ ಸಂಶೋಧನಾ ಕೇಂದ್ರವೊಂದಿತ್ತು. ಅದರ ಮುಖ್ಯಸ್ಥೆ ಡಾ. ತಹಸೀನಾ ಮುಲ್ಲಾ ಪಕ್ಕದ ಗಂಗಾವತಿಯವರೇ. ವಿದೇಶದಲ್ಲಿ ಓದಿ ಬಂದಿದ್ದರೂ ರೋಗಿಗಳ ಜೊತೆ ಊರಿನ ಮಾತೇ ಆಡುತ್ತಿದ್ದರು.

"ನೋಡವ್ವ, ಕರುಳಿಗೆ ತನ್ನದೇ ನರಗಳ ಬಲೆ ಐತಿ," ಎಂದು ಅವರು ಹುಲಿಗೆಮ್ಮನಿಗೆ ವಿವರಿಸಿದ್ದರು. "ಪ್ರತಿ ಸಲ ಉರಿ ಎದ್ದಾಗ ಅದರಾಗ ಒಂದಿಷ್ಟು ನರ ಸಾಯ್ತಾವ. ಉಳಿದವು ಹೆದರಿ ಹೊಸ ಕವಲು ಬಿಡ್ತಾವ. ಸಣ್ಣದಕ್ಕೂ ಚೀರ್ತಾವ. ಬೆಂಕಿ ಆರಿ ತಿಂಗಳಾದ್ರೂ ಗಂಟಿ ಬಡಿಯೂದು ನಿಲ್ಲಂಗಿಲ್ಲ. ನಿನ್ನ ಹೊಟ್ಯಾಗ ಈಗ ಆಗಿರೂದು ಅದೇ."

"ಗಂಟಿ ನಿಲ್ಲಸಾಕ ಬರ್ತೈತೇನ್ರೀ?"

"ಬರ್ತೈತಿ."

ಅದಕ್ಕಾಗಿಯೇ ಅವರು ಒಂಬತ್ತು ವರ್ಷ ದುಡಿದಿದ್ದರು. ಕೂದಲಿಗಿಂತ ತೆಳ್ಳಗಿನ, ರೇಷ್ಮೆಯಷ್ಟು ಮೆತ್ತಗಿನ ಒಂದು ಎಳೆ. ಅದನ್ನು ದೊಡ್ಡ ಕರುಳಿನ ಹೊರಗೋಡೆಯ ಉದ್ದಕ್ಕೂ ಬಳ್ಳಿಯಂತೆ ಹಬ್ಬಿಸುತ್ತಾರೆ. ನರಗಳಲ್ಲಿ ನೋವಿನ ಮಿಡಿತ ಎದ್ದ ಕೂಡಲೇ ಎಳೆ ಅದನ್ನು ಕೇಳಿಸಿಕೊಂಡು, ಅಷ್ಟೇ ಬಲದ ಎದುರು ಮಿಡಿತ ಕಳಿಸಿ ಅಡಗಿಸುತ್ತದೆ. ಸೊಂಟಕ್ಕೆ ಕಟ್ಟಿದ ಸಣ್ಣ ಡಬ್ಬಿಯಲ್ಲಿ ಅದರ ಬ್ಯಾಟರಿ; ಅಲ್ಲಿಂದಲೇ ವರದಿ ಕೇಂದ್ರಕ್ಕೆ ಹೋಗುತ್ತದೆ. ಕಾಗದದಲ್ಲಿ ಅದರ ಹೆಸರು 'ಶಮನ ತಂತು'. ಕಟ್ಟಿಸಿಕೊಂಡ ನಲವತ್ತೊಂದು ಜನರೂ ಅದನ್ನು ದಾರ ಎಂದೇ ಕರೆದರು.

ದಾರಕ್ಕೆ ಜೀವ ಕೊಟ್ಟ ಬೆಳಿಗ್ಗೆ ಹುಲಿಗೆಮ್ಮ ಮಂಚದ ಮೇಲೆ ಅಂಗಾತ ಮಲಗಿದ್ದಳು. ಎಂಜಿನಿಯರ್ ಜಂಬಯ್ಯ ಪರದೆ ನೋಡುತ್ತ ಒಂದು ಗುಂಡಿ ಒತ್ತಿದ.

"ಏನಾತವ್ವ?" ಎಂದು ತಹಸೀನಾ ಕೇಳಿದರು.

"ಕರೆಂಟ್ ಹೋದಾಗ, ಅಯ್ಯೋ ಇಷ್ಟೊತ್ತು ಫ್ಯಾನ್ ಸಪ್ಪಳ ಮಾಡ್ತಿತ್ತಲ್ಲ ಅಂತ ಗೊತ್ತಾಗ್ತೈತಿ ನೋಡ್ರೀ, ಹಂಗಾತು." ಆಮೇಲೆ ಎದ್ದು ಕುಳಿತು, ಯಾರನ್ನೂ ಕೇಳದೆ, ಮೇಜಿನ ಮೇಲೆ ಜಂಬಯ್ಯ ಇಟ್ಟುಕೊಂಡಿದ್ದ ಚಹಾ ಎತ್ತಿ ಕುಡಿದುಬಿಟ್ಟಳು.

ಮನೆಯಲ್ಲಿ ಗಂಡ ಗಾದಿಲಿಂಗಪ್ಪನಿಗೆ ಇದನ್ನು ನಂಬಲು ತಿಂಗಳು ಹಿಡಿಯಿತು. ಅವನು ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಅದರ ಹಿಂದೆ ಒಲೆ. ಹನ್ನೊಂದು ವರ್ಷ ಹೆಂಡತಿಗೆ ಮೆತ್ತನ್ನ ಮಾಡಿ, ಮಜ್ಜಿಗೆ ಕಡೆದು ಕೊಟ್ಟವನು. ಮನೆಯಲ್ಲಿ ಖಾರದ ಡಬ್ಬಿ ಇದ್ದದ್ದು ಅವನ ತಾಯಿ ದ್ಯಾವಮ್ಮನಿಗೆ ಮಾತ್ರ.

ಒಂದು ಭಾನುವಾರ ಅವನು ಮೆಣಸಿನಕಾಯಿ ಬಜಿ ಕರಿದು, ಒಗ್ಗರಣೆ ಮಂಡಕ್ಕಿಯ ಜೊತೆ ತಾಯಿಯ ಮುಂದಿಟ್ಟ. ಹುಲಿಗೆಮ್ಮ ಬಂದು ಪಕ್ಕದಲ್ಲಿ ಕುಳಿತು ಒಂದು ಬಜಿ ಎತ್ತಿಕೊಂಡಳು.

"ಏ, ಬ್ಯಾಡ," ಎಂದ ಅವನು.

ಅವಳು ತಿಂದಳು. ಎರಡನೆಯದನ್ನೂ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು. ಗಾದಿಲಿಂಗಪ್ಪ ಜಾಲರಿ ಸೌಟು ಹಿಡಿದುಕೊಂಡೇ ನಿಂತಿದ್ದ.

"ಹೊಟ್ಟಿ?"

"ಬಾಯಿ ಸುಡಾಕ ಹತ್ತೈತಿ. ಹೊಟ್ಟಿ ತಣ್ಣಗ ಐತಿ." ಮೂರನೆಯದಕ್ಕೆ ಕೈ ಹಾಕಿದಳು.

ಎರಡು ತಿಂಗಳಿಗೆ ಅವಳು ಮತ್ತೆ ನೂರ ಹನ್ನೆರಡು ಮೆಟ್ಟಿಲು ಹತ್ತಿದಳು. ಒಂದು ವರ್ಷ ಹೇಗೆ ಕಳೆಯಿತೆಂದೇ ಗೊತ್ತಾಗಲಿಲ್ಲ. ಮದುವೆಗೆ ಹೋದಳು, ಗಂಡನ ಜೊತೆ ಬಸ್ಸಿನಲ್ಲಿ ಗೋವೆಗೆ ಹೋಗಿ ಸಮುದ್ರ ನೋಡಿದಳು. ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ಮೊದಲೇ ವಿಚಾರಿಸದೆ ಮಾಡಿದ ಮೊದಲ ಪ್ರಯಾಣ ಅದು.

ತಿಂಗಳಿಗೊಮ್ಮೆ ತಪಾಸಣೆಗೆ ಹೋದಾಗ ಕೇಂದ್ರದಲ್ಲಿ ಕಂಪ್ಲಿಯ ಮಾರೆಪ್ಪ ಸಿಗುತ್ತಿದ್ದ. ಐವತ್ತರ ಆಸುಪಾಸಿನ ಮದುವೆ ಬ್ಯಾಂಡಿನ ಮನುಷ್ಯ, ಕ್ಲಾರಿಯೊನೆಟ್ ನುಡಿಸುವವನು. ಹೊಟ್ಟೆ ಬಿಗಿಹಿಡಿದು ಊದಿದರೆ ನೋವು ಬರುತ್ತಿದ್ದುದರಿಂದ ಎಂಟು ವರ್ಷ ವಾದ್ಯ ಮುಟ್ಟಿರಲಿಲ್ಲ. ದಾರ ಬಂದ ಮೇಲೆ ಕೇಂದ್ರದ ವರಾಂಡದಲ್ಲಿ ಸರದಿ ಕಾಯುವಾಗಲೂ ಊದುತ್ತಿದ್ದ. ಗೋಡೆಯ ಪರದೆಯ ಮೇಲೆ ನಲವತ್ತೊಂದು ಜನರ ನೋವಿನ ನಲವತ್ತೊಂದು ಗೆರೆಗಳು ಮೂಡುತ್ತಿದ್ದ ನಿಯಂತ್ರಣ ಕೋಣೆಯವರೆಗೂ ಅದು ಕೇಳಿಸುತ್ತಿತ್ತು. ಗೆರೆಗಳೆಲ್ಲ ಸಪಾಟು. ಜಂಬಯ್ಯ ದಿನವಿಡೀ ಅವುಗಳ ಎದುರು ಕುಳಿತು ಆಕಳಿಸುತ್ತಿದ್ದ. ತಹಸೀನಾ ಒಳಗೆ ಬಂದಾಗಲೆಲ್ಲ ಒಮ್ಮೆ ಗೋಡೆ ನೋಡಿ ಸಮಾಧಾನದಿಂದ ಹೋಗುತ್ತಿದ್ದರು.

ಹದಿನಾಲ್ಕನೆಯ ತಿಂಗಳಲ್ಲಿ ದ್ಯಾವಮ್ಮನ ಕಾಲಿಗೆ ಮೊಳೆ ಚುಚ್ಚಿತು.

ಮುದುಕಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶ ಹೋಗಿತ್ತು. ಚಪ್ಪಲಿಯ ಅಟ್ಟೆಯಿಂದ ಮೊಳೆ ಮೇಲೆದ್ದಿದ್ದರೂ ಗೊತ್ತಾಗದೆ ಸಂತೆಗೆ ಹೋಗಿ, ಬಳಗದವರ ಮನೆಗೆ ಹೋಗಿ, ಸಂಜೆ ತಿರುಗಿ ಬಂದಳು. ಒಳಗೆ ನಡೆದಾಗ ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಕೆಂಪು ಕಲೆ. ಹುಲಿಗೆಮ್ಮ ಅವಳನ್ನು ಕೂರಿಸಿ ಬಿಸಿನೀರಲ್ಲಿ ಪಾದ ತೊಳೆದಳು. ಗಾಯ ಬೆರಳಿನಷ್ಟು ಆಳ ಹೋಗಿತ್ತು.

"ಇಷ್ಟು ಹರದೈತಿ, ನಿನಗ ಒಂಚೂರೂ ಗೊತ್ತಾಗಲಿಲ್ಲೇನತ್ತಿ?"

"ನೂಯ್ಲಿಲ್ಲವ್ವ. ನೂಯದಿದ್ರ ಯಾರು ಬಗ್ಗಿ ನೋಡ್ತಾರ?"

ಹುಲಿಗೆಮ್ಮನ ಕೈ ನೀರಲ್ಲೇ ನಿಂತಿತು. ಎಂಟು ಹತ್ತು ದಿನಗಳಿಂದ ಅವಳಿಗೂ ಬೆಳಿಗ್ಗೆ ಶೌಚಕ್ಕೆ ಹೋದಾಗ ಎಳೆಯಷ್ಟು ರಕ್ತ ಕಾಣುತ್ತಿತ್ತು. ನೋವಿಲ್ಲ, ಪದೇಪದೇ ಹೋಗಬೇಕೆಂದೂ ಅನ್ನಿಸುವುದಿಲ್ಲವಲ್ಲ, ಖಾರ ಜಾಸ್ತಿ ಆಗಿರಬೇಕು ಎಂದುಕೊಂಡು ನೀರು ಸುರಿದು ಬರುತ್ತಿದ್ದಳು. ನಿಜ ಹೇಳಬೇಕೆಂದರೆ, ಹೇಳಿದರೆ ಮತ್ತೆ ಗೇಟಿಗೆ ಕಳಿಸುತ್ತಾರೆ ಎಂಬ ಅಂಜಿಕೆಯೂ ಇತ್ತು.

ಮರುದಿನ ಕೇಂದ್ರಕ್ಕೆ ಫೋನ್ ಮಾಡಿದಳು. ತಹಸೀನಾ ಫೋನ್ ಕಿವಿಗಿಟ್ಟುಕೊಂಡೇ ಗೋಡೆ ನೋಡಿದರು. ಇಪ್ಪತ್ತಮೂರನೆಯ ಗೆರೆ ಹುಲಿಗೆಮ್ಮನದು. ಕೆರೆಯ ನೀರಿನಷ್ಟು ಸಪಾಟು.

"ನಿನ್ನ ಗೆರಿ ಭಾಳ ಚಲೋ ಐತವ್ವ. ಉರಿ ಎದ್ದಿದ್ರ ನರ ಸುಮ್ನ ಇರ್ತಿದ್ದಿಲ್ಲ. ಮೂಲವ್ಯಾಧಿ ಇರಬೇಕು. ಖಾರ ಕಡಿಮಿ ಮಾಡು. ಮುಂದಿನ ತಿಂಗಳು ಬರ್ತೀಯಲ್ಲ, ನೋಡೂಣು."

ಡಾಕ್ಟರೇ ಹೇಳಿದ ಮೇಲೆ ಹುಲಿಗೆಮ್ಮ ಸುಮ್ಮನಾದಳು. ಹನ್ನೊಂದು ದಿನ ಕಳೆದವು. ಹನ್ನೆರಡನೆಯ ದಿನ ಪಾಳಿಗೆ ಹತ್ತುವಾಗ ಎಪ್ಪತ್ತನೆಯ ಮೆಟ್ಟಿಲಲ್ಲಿ ಉಸಿರು ಸಿಗದೆ ನಿಂತಳು. ಕಬ್ಬಿಣದ ಕಂಬಿ ಹಿಡಿದಿದ್ದ ಕೈಯ ಉಗುರುಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಮೇಲೆ ಕ್ರೇನ್ ಕಾಯುತ್ತಿತ್ತು, ಕೆಳಗೆ ಜನ ಓಡಾಡುತ್ತಿದ್ದರು. ಯಾರೂ ತಲೆ ಎತ್ತಿರಲಿಲ್ಲ. ಅವಳು ಅಲ್ಲೇ ಐದು ನಿಮಿಷ ನಿಂತು, ಮೆಲ್ಲಗೆ ಕೆಳಗಿಳಿದು, ಪಾಳಿಯ ಮುಖ್ಯಸ್ಥನ ಬಳಿ ಹೋದಳು.

"ಇವತ್ತು ನಾ ಬೋಗುಣಿ ಎತ್ತಂಗಿಲ್ರೀ. ಬ್ಯಾರೇದವರನ್ನ ಹತ್ತಸ್ರೀ."

"ಯಾಕ, ಹೊಟ್ಟಿ ನೋವಾ?"

"ಇಲ್ಲ. ಅದಕ್ಕ ಹೊಂಟೀನಿ."

ಬಸ್ಸು ಹಿಡಿದು ನೇರ ಕೇಂದ್ರಕ್ಕೆ ಬಂದಳು. ತಹಸೀನಾ ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದರು.

"ಅಮ್ಮಾರ, ಗ್ವಾಡಿ ನೋಡಬ್ಯಾಡ್ರೀ," ಎಂದಳು ಹುಲಿಗೆಮ್ಮ. "ನನ್ನ ಮಾರಿ ನೋಡ್ರೀ."

ತಹಸೀನಾ ನೋಡಿದರು. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಂದು ಗಂಟೆಯೊಳಗೆ ಕರುಳಿಗೆ ಕ್ಯಾಮರಾ ಇಳಿಸಿದರು. ಪರದೆಯ ಮೇಲೆ ಹುಣ್ಣುಗಳ ಸಾಲು ಕಂಡಿತು. ಹತ್ತನೆಯ ಸಲದ ಉರಿಯೂತ, ಹಿಂದಿನ ಒಂಬತ್ತಕ್ಕಿಂತ ಆಳವಾದದ್ದು. ಎರಡು ಕಡೆ ಕರುಳಿನ ಗೋಡೆ ಕಾಗದದಷ್ಟು ತೆಳ್ಳಗಾಗಿತ್ತು. ಇನ್ನು ವಾರ ಬಿಟ್ಟಿದ್ದರೆ ತೂತು ಬೀಳುತ್ತಿತ್ತು.

ಹುಲಿಗೆಮ್ಮನನ್ನು ಅಲ್ಲೇ ದಾಖಲು ಮಾಡಿ, ರಕ್ತ ಕೊಟ್ಟು, ಉರಿ ತಗ್ಗಿಸುವ ಔಷಧಿ ಶುರು ಮಾಡಿದ ಮೇಲೆ ತಹಸೀನಾ ನಿಯಂತ್ರಣ ಕೋಣೆಗೆ ಬಂದರು.

"ಜಂಬಯ್ಯ, ದಾರ ಕೇಳಿಸಿಕೊಂಡ ಮಿಡಿತದ ದಾಖಲೆ ಬೇಕು. ಅಡಗಿಸಿದ ಮೇಲಿನದು ಬ್ಯಾಡ. ಅಡಗಿಸೋಕಿಂತ ಮುಂಚಿಂದು."

"ಅದು ಇಲ್ಲ ಮೇಡಂ. ಬ್ಯಾಟರಿ ಉಳೀಲಿ ಅಂತ ಮೂಲ ಮಿಡಿತ ಇಟ್ಕೊಳ್ಳದು ಬ್ಯಾಡ ಅಂದಿದ್ರಿ. ದಾರ ಅದನ್ನ ಕೇಳಿ, ಅಲ್ಲೇ ಬಿಟ್ಟುಬಿಡ್ತದ."

ಹಾಗೆ ತೀರ್ಮಾನಿಸಿದ್ದು ಅವರೇ. ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು. ಜಂಬಯ್ಯ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಬ್ಯಾಟರಿ ಎಷ್ಟು ಖಾಲಿ ಆಗೇತಿ ಅನ್ನೋದು ಇರ್ತದ," ಎಂದ. "ಜಾಸ್ತಿ ಅಡಗಿಸಬೇಕಾದ್ರ ಜಾಸ್ತಿ ಶಕ್ತಿ ಬೇಕಲ್ಲ?"

ಹುಲಿಗೆಮ್ಮನ ಬ್ಯಾಟರಿಯ ದಾಖಲೆ ತೆಗೆದರು. ಒಂದು ವರ್ಷ ಒಂದೇ ಸಮ ಇದ್ದ ಖರ್ಚು ಐದು ವಾರಗಳ ಹಿಂದೆ ಏರತೊಡಗಿ ಈಗ ನಾಲ್ಕು ಪಟ್ಟಾಗಿತ್ತು. ಐದು ವಾರದಿಂದ ಅವಳ ಕರುಳು ಚೀರುತ್ತಿತ್ತು, ದಾರ ಅದರ ಬಾಯಿ ಮುಚ್ಚುತ್ತಿತ್ತು, ಗೋಡೆಯ ಮೇಲೆ ಗೆರೆ ಸಪಾಟಾಗಿ ಓಡುತ್ತಿತ್ತು. ಉಳಿದ ನಲವತ್ತು ಜನರದನ್ನೂ ನೋಡಿದರು. ಇನ್ನೂ ಆರು ಜನರ ಖರ್ಚು ಏರುತ್ತಿತ್ತು. ಅವರಲ್ಲಿ ಮಾರೆಪ್ಪ ಒಬ್ಬ.

ಉರಿ ಗೊತ್ತಾಗದೆ ಹೋದದ್ದು ಒಂದು ತಪ್ಪು. ಆದರೆ ಹುಣ್ಣು ಇಷ್ಟು ಆಳ ಇಳಿದದ್ದೇಕೆ? ಅದಕ್ಕೆ ಉತ್ತರ ಸಿಕ್ಕಿದ್ದು ಎರಡು ದಿನದ ಮೇಲೆ, ಕ್ಯಾಮರಾದ ಜೊತೆ ತೆಗೆದ ಸಾಸಿವೆ ಕಾಳಿನಷ್ಟು ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ. ಕರುಳಿನ ಒಳಗೋಡೆಯ ಮೇಲೆ ಲೋಳೆಯ ಒಂದು ಹೊದಿಕೆ ಇರುತ್ತದೆ. ಅದು ಇದ್ದರೆ ಕರುಳಿನ ಕೋಟ್ಯಂತರ ಸೂಕ್ಷ್ಮಜೀವಿಗಳು ಗೋಡೆ ಮುಟ್ಟುವುದಿಲ್ಲ, ಅದರ ಮರೆಯಲ್ಲಿ ಹುಣ್ಣು ಮಾಯುತ್ತದೆ. ಹುಲಿಗೆಮ್ಮನ ಕರುಳಲ್ಲಿ ಆ ಹೊದಿಕೆ ಹರಕು ಬಟ್ಟೆಯಂತಿತ್ತು. ಲೋಳೆ ಸುರಿಸುವ ಕೋಶಗಳು ತುಂಬಿಕೊಂಡೇ ನಿಂತಿದ್ದವು, ಸುರಿಸಿರಲಿಲ್ಲ. ಅವುಗಳ ಮಗ್ಗುಲಲ್ಲೇ ನೋವಿನ ನರದ ತುದಿಗಳು ಇದ್ದವು. ನೋವಿನ ನರ ಮಿದುಳಿಗೆ ದೂರು ಹೇಳುವಾಗಲೇ ಪಕ್ಕದ ಕೋಶಗಳಿಗೂ ಸುರಿಸಿ ಎಂದು ಹೇಳುತ್ತದೆ. ದಾರ ಎರಡು ಮಾತನ್ನೂ ಅಡಗಿಸಿತ್ತು.

ಹೊಸ ಕರುಳಾಗಿದ್ದರೆ ಇದನ್ನು ಹೇಗೋ ತಡೆದುಕೊಳ್ಳುತ್ತಿತ್ತು. ಒಂಬತ್ತು ಸಲ ಬೆಂದ ಕರುಳು ಹಾಗಲ್ಲ. ಗೋಡೆಯನ್ನು ಹೊಸದಾಗಿ ಕಟ್ಟುವ ಮೂಲಕೋಶಗಳಲ್ಲೇ ಆ ಒಂಬತ್ತು ಸಲದ ನೆನಪು ಉಳಿದಿರುತ್ತದೆ. ಅವು ಬೇಗ ಕೆರಳುತ್ತವೆ, ನಿಧಾನವಾಗಿ ಮಾಯುತ್ತವೆ. ಅಂಥ ಕರುಳಿಗೆ ನರದ ಸಹಾಯ ಎಲ್ಲರಿಗಿಂತ ಹೆಚ್ಚು ಬೇಕು. ತಹಸೀನಾ ದಾರ ಕಟ್ಟಿದ್ದು ಅಂಥವರಿಗೇ.

ಅವರು ಹುಲಿಗೆಮ್ಮನ ಮಂಚದ ಪಕ್ಕ ಕುಳಿತು ಇದೆಲ್ಲವನ್ನೂ ಹೇಳಿದರು. ಗಾದಿಲಿಂಗಪ್ಪ ಗೋಡೆಗೆ ಒರಗಿ ನಿಂತಿದ್ದ.

"ನನ್ನ ಹೆಂಡ್ತಿ ಫೋನ್ ಮಾಡಿ ರಕ್ತ ಅಂತ ಹೇಳಿದ್ಳು," ಎಂದ ಅವನು. ದನಿ ಎತ್ತಲಿಲ್ಲ. "ನೀವು ಏನೂ ಇಲ್ಲ ಅಂದ್ರಿ."

"ಹೌದಪ್ಪ. ಅಂದೆ."

"ಕರೆದು ನೋಡಬೇಕಿತ್ತು."

"ನೋಡಬೇಕಿತ್ತು. ನನ್ನ ತಪ್ಪು. ಈ ಪ್ರಯೋಗ ನೋಡಿಕೊಳ್ಳೂ ಮೇಲಿನ ಸಮಿತಿಗೂ ಹಂಗೇ ಬರದು ಕೊಟ್ಟೀನಿ. ಇನ್ನ ಹೊಸಬರಿಗೆ ದಾರ ಕಟ್ಟಂಗಿಲ್ಲ."

ಗಾದಿಲಿಂಗಪ್ಪ ಕಿಟಕಿಯ ಕಡೆ ತಿರುಗಿದ.

"ಮುಂದೇನ್ರೀ?" ಎಂದು ಹುಲಿಗೆಮ್ಮ ಕೇಳಿದಳು.

ಎರಡು ದಾರಿ ಇದ್ದವು. ದೊಡ್ಡ ಕರುಳನ್ನೇ ತೆಗೆದು ಹೊಟ್ಟೆಯ ಮೇಲೆ ಮಲದ ಚೀಲ ಕೂರಿಸುವುದು. ಅಥವಾ ಔಷಧಿಯಿಂದ ಉರಿ ಹಿಡಿದಿಟ್ಟು, ದಾರದ ಅಡಗಿಸುವ ಬಲವನ್ನು ಸಡಿಲ ಬಿಟ್ಟು, ನರಗಳಿಗೆ ಮತ್ತೆ ಮಾತಾಡಲು ಬಿಡುವುದು. ಆಗ ಹುಣ್ಣು ಮಾಯಬಹುದು. ನೋವು ಬಂದೇ ಬರುತ್ತದೆ.

"ಮೊದಲಿನಷ್ಟಾ?"

"ಅದಕ್ಕೂ ಜಾಸ್ತಿ ಇರಬಹುದು. ಆರು ವಾರ, ಎಂಟೂ ಆಗಬಹುದು. ಸುಳ್ಳು ಹೇಳಂಗಿಲ್ಲ, ಮಾಯದೆ ಇರಬಹುದು."

ಹುಲಿಗೆಮ್ಮ ಕ್ರೇನಿನ ಹಿಡಿಕೆ ಹಿಡಿಯುತ್ತಿದ್ದ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಕೇಳಿದಳು, "ದಾರ ಸಡಿಲ ಬಿಡೂದು ಎಲ್ಲಿಂದ್ರೀ?"

"ಅಲ್ಲಿಂದ, ಜಂಬಯ್ಯನ ಕೋಣಿಯಿಂದ."

"ಅಲ್ಲಿಂದ ಬ್ಯಾಡ. ನನ್ನ ಕೈಯಾಗ ಒಂದು ಹಿಡಿಕಿ ಕೊಡ್ರೀ. ಎಷ್ಟು ಬಿಡಬೇಕು, ಯಾವಾಗ ಬಿಡಬೇಕು, ನಾನ ಬಿಡ್ತೀನಿ. ಹದಿನೈದು ವರ್ಷ ಅದನ್ನೇ ಮಾಡೀನಿ."

ಯಾವ ಪ್ರಯೋಗದ ಕಾಗದದಲ್ಲೂ ಅಂಥದೊಂದು ಇರಲಿಲ್ಲ. ಸಮಿತಿಯ ಒಪ್ಪಿಗೆಗೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಜಂಬಯ್ಯ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯ ಮೇಲೆ ತಿರುಗುವ ಗುಂಡಿಯೊಂದನ್ನು ಕೂರಿಸಿ, ಸುತ್ತಲೂ ಹತ್ತು ಗೆರೆ ಕೊರೆದು ತಂದ. ಗುಂಡಿ ಒಂದೊಂದು ಗೆರೆ ಮುಂದಕ್ಕೆ ತಿರುಗಿದಂತೆ ದಾರ ಅಷ್ಟಷ್ಟು ಸಡಿಲವಾಗುತ್ತಿತ್ತು.

ಮೊದಲ ಗೆರೆಯಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಹೊಟ್ಟೆಯ ಎಡಗಡೆ ಯಾರೋ ಬೆರಳಿಟ್ಟಂತಾಯಿತು. ಮೂರನೆಯದಕ್ಕೆ ಹೋದಾಗ ಹುಲಿಗೆಮ್ಮ ಮೊಣಕಾಲು ಮಡಚಿಕೊಂಡು ಗೋಡೆಯ ಕಡೆ ತಿರುಗಿದಳು. ಗಾದಿಲಿಂಗಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟ. ಅವಳು ಗುಂಡಿ ಹಿಂದಕ್ಕೆ ತಿರುಗಿಸಲಿಲ್ಲ, ಮುಂದಕ್ಕೂ ತಿರುಗಿಸಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಇದ್ದು ಮೆಲ್ಲಗೆ ಎರಡಕ್ಕೆ ಇಳಿಸಿದಳು.

ಹತ್ತು ದಿನದ ಮೇಲೆ ಮನೆಗೆ ಬಂದಳು. ಗಾದಿಲಿಂಗಪ್ಪ ಮತ್ತೆ ಮೆತ್ತನ್ನಕ್ಕೆ ಇಟ್ಟ. ಅವನ ಅಳತೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವಳು ಬರೆಯತೊಡಗಿದಳು: ಇಷ್ಟು ಗಂಟೆಗೆ ಉಂಡೆ, ಇಷ್ಟು ಗೆರೆ ಬಿಟ್ಟೆ, ನೋವು ಇಷ್ಟು, ರಕ್ತ ಇಷ್ಟು. ನೋವು ಹೆಚ್ಚಾದ ದಿನಗಳಲ್ಲಿ ಅಕ್ಷರಗಳು ಗೆರೆ ಬಿಟ್ಟು ಹೊರಗೆ ಓಡುತ್ತಿದ್ದವು. ಒಂದು ದಿನ ಹೊಲಿಗೆ ಯಂತ್ರದ ಸಪ್ಪಳವೂ ತಡೆಯದೆ "ನಿಲ್ಲಸೋ ಅದನ್ನ!" ಎಂದು ಕೂಗಿದಳು. ಅವನು ನಿಲ್ಲಿಸಿ, ಉಳಿದ ಹೊಲಿಗೆಯನ್ನು ಕೈಯಲ್ಲೇ ಮುಗಿಸಿದ. ದ್ಯಾವಮ್ಮ ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ಸೊಸೆಯ ಮಗ್ಗುಲಲ್ಲಿ ಕುಳಿತು ಕತೆ ಹೇಳುತ್ತಿದ್ದಳು. ಮುದುಕಿಯ ಕತೆಗಳಲ್ಲಿ ಸತ್ತವರೇ ಜಾಸ್ತಿ. ಆದರೂ ಹುಲಿಗೆಮ್ಮನಿಗೆ ನಗು ಬರುತ್ತಿತ್ತು.

ಮೂರನೆಯ ವಾರದಲ್ಲಿ ಅವಳು ಒಂದು ವಿಷಯ ಗಮನಿಸಿದಳು. ಉಂಡ ಮೇಲಿನ ಒಂದೂವರೆ ಗಂಟೆ ದಾರ ಪೂರ್ತಿ ಸಡಿಲ ಬಿಟ್ಟು, ಮಲಗುವ ಹೊತ್ತು ಬಿಗಿಮಾಡಿದರೆ ಮರುದಿನ ರಕ್ತ ಕಡಿಮೆ. ದಿನವಿಡೀ ಸ್ವಲ್ಪ ಸ್ವಲ್ಪ ಬಿಟ್ಟರೆ ಅಷ್ಟು ಗುಣ ಕಾಣುತ್ತಿರಲಿಲ್ಲ. ತಹಸೀನಾ ನೋಟ್‌ಬುಕ್ಕನ್ನು ಎರಡು ಸಲ ಓದಿದರು. ಆಹಾರ ಕರುಳಿಗೆ ಬಂದ ಹೊತ್ತಿನಲ್ಲೇ ನರಗಳು ಲೋಳೆಗೆ ಹೆಚ್ಚು ಕರೆ ಕಳಿಸುತ್ತವೆ ಎಂದು ಅವರಿಗೆ ಹೊಳೆಯಿತು.

"ಇದು ನಮಗ್ಯಾರಿಗೂ ಗೊತ್ತಿದ್ದಿಲ್ಲ," ಎಂದರು.

"ನೀವು ಕೇಳಿದ್ದಿಲ್ಲಲ್ರೀ," ಎಂದಳು ಹುಲಿಗೆಮ್ಮ.

ಎಂಟು ವಾರದ ಕೊನೆಗೆ ಕ್ಯಾಮರಾ ಇಳಿಸಿದಾಗ ಹುಣ್ಣುಗಳೆಲ್ಲ ಮುಚ್ಚಿದ್ದವು. ಹೊಸ ಒಳಪದರ ತೆಳು ಗುಲಾಬಿ ಬಣ್ಣಕ್ಕಿತ್ತು. ನಾಲ್ಕು ಬೆರಳಗಲದ ಒಂದು ಜಾಗ ಮಾತ್ರ ಬಿಳಿಚಿಕೊಂಡು ಬಿಗಿಯಾಗಿತ್ತು. ದಾರ ಅಲ್ಲಿ ಎಷ್ಟು ಸಡಿಲ ಬಿಟ್ಟರೂ ಯಾವ ಮಿಡಿತವೂ ಬರುತ್ತಿರಲಿಲ್ಲ.

"ಅಲ್ಲಿ ನರ ಸತ್ತಾವವ್ವ," ಎಂದರು ತಹಸೀನಾ. "ಅವು ತಿರುಗಿ ಬರಂಗಿಲ್ಲ. ಉಂಡದ್ದನ್ನ ಮುಂದಕ್ಕ ದೂಡಾಕ ಅಷ್ಟು ಜಾಗ ಕರುಳು ಹಿಂಡಂಗಿಲ್ಲ. ನೀನು ಉಣ್ಣೂದು ನೋಡಿ ಉಣ್ಣಬೇಕು, ವರ್ಷಕ್ಕೆರಡು ಸಲ ನಾನು ನೋಡಬೇಕು. ಹನ್ನೊಂದು ದಿನ ಮುಂಚೆ ಕರೆದಿದ್ರ ಅದೂ ಉಳೀತಿತ್ತೋ ಏನೋ. ನನಗ ಗೊತ್ತಿಲ್ಲ."

ಹುಲಿಗೆಮ್ಮ ಸೀರೆ ಸರಿಮಾಡಿಕೊಂಡು ಎದ್ದಳು. "ಉಳಿದದ್ದು ನಡೀತೈತಲ್ಲ," ಎಂದಳು.

ಕಾರ್ಖಾನೆಯಲ್ಲಿ ಅವಳಿಗೆ ನಾಲ್ಕು ಗಂಟೆಯ ಪಾಳಿ ಕೊಟ್ಟರು. ಉಳಿದ ಹೊತ್ತು ಹೊಸಬರಿಗೆ ಹಿಡಿಕೆ ಕಲಿಸಬೇಕು. ಮೇಲಿದ್ದಾಗ ನೋವು ಬಂದರೆ ಕೆಳಗಿಳಿಯುವುದಾಗಿ ಅವಳು ಮೊದಲೇ ಹೇಳಿದ್ದಳು. ಎರಡು ಸಲ ಇಳಿದಳು. ಯಾರೂ ಏನೂ ಅನ್ನಲಿಲ್ಲ.

ಬ್ಯಾಟರಿಯ ಖರ್ಚು ಏರಿದ್ದ ಉಳಿದ ಆರು ಜನರ ಮನೆಗೂ ತಹಸೀನಾ ಈ ನಡುವೆಯೇ ಖುದ್ದಾಗಿ ಹೋಗಿದ್ದರು. ಮುಖ್ಯಸ್ಥೆಯ ಸ್ಥಾನದಿಂದ ಸಮಿತಿ ಅವರನ್ನು ಇಳಿಸಿತ್ತು. ಈ ಏಳು ಜನರ ಆರೈಕೆ ಮುಗಿಸುವ ಹೊಣೆ ಮಾತ್ರ ಕೇಳಿ ಪಡೆದಿದ್ದರು. ಐದು ಜನ ಗುಂಡಿ ತೆಗೆದುಕೊಂಡರು. ಮಾರೆಪ್ಪ ತೆಗೆದುಕೊಳ್ಳಲಿಲ್ಲ. ಔಷಧಿ ನುಂಗುತ್ತೇನೆ, ದಾರ ಮಾತ್ರ ಮುಟ್ಟಬೇಡಿ ಎಂದುಬಿಟ್ಟ. ಒಬ್ಬ ಮನುಷ್ಯನ ನೋವನ್ನು ಅವನ ಒಪ್ಪಿಗೆ ಇಲ್ಲದೆ ಅವನ ಮೇಲೆ ಬಿಡುವಂತಿಲ್ಲ.

ಒಂದು ಶನಿವಾರ ಪಾಳಿ ಮುಗಿಸಿ ಹುಲಿಗೆಮ್ಮ, ಮಾರೆಪ್ಪನಿಗೆಂದು ಜಂಬಯ್ಯ ಮಾಡಿಟ್ಟಿದ್ದ ಪೆಟ್ಟಿಗೆಯನ್ನು ತಹಸೀನಾರಿಂದ ಕೇಳಿ ಪಡೆದು, ಕೈಚೀಲದಲ್ಲಿಟ್ಟುಕೊಂಡು ಕಂಪ್ಲಿಯ ಬಸ್ಸು ಹತ್ತಿದಳು.

ಮಾರೆಪ್ಪ ಜಗಲಿಯ ಮೇಲೆ ಕ್ಲಾರಿಯೊನೆಟ್ ಬಿಚ್ಚಿ ಒರೆಸುತ್ತಿದ್ದ. ತುಂಬ ಇಳಿದುಹೋಗಿದ್ದ. ಅವಳನ್ನು ನೋಡಿದ ಕೂಡಲೇ ಯಾಕೆ ಬಂದಿದ್ದಾಳೆಂದು ಗೊತ್ತಾಯಿತು.

"ಬ್ಯಾಡಕ್ಕ. ಎಂಟು ವರ್ಷ ಇದನ್ನ ಗೂಟಕ್ಕ ನೇತು ಹಾಕಿದ್ದೆ. ಈ ಸಲ ಒಂದು ಮದುವಿ ದಿನಾನೂ ಖಾಲಿ ಇಲ್ಲ. ಅದು ಮುಗೀಲಿ, ಆಮ್ಯಾಲ ನೋಡೂಣು."

"ನಾ ಏನೂ ಹೇಳಾಕ ಬಂದಿಲ್ಲ. ನೀ ಊದೂದು ಕೇಳಿ ಭಾಳ ದಿನ ಆತು. ಊದು."

ಅವನು ಅನುಮಾನದಿಂದಲೇ ವಾದ್ಯ ಜೋಡಿಸಿ ಊದತೊಡಗಿದ. ಮದುಮಗಳನ್ನು ಕಳಿಸುವಾಗ ನುಡಿಸುವ, ಎಳೆದು ಎಳೆದು ಬರುವ ಹಾಡು. ಹುಲಿಗೆಮ್ಮ ಕಣ್ಣು ಮುಚ್ಚಿ ಕೇಳಿದಳು. ಎರಡನೆಯ ಸಾಲಿನಲ್ಲಿ ಉಸಿರು ಮುರಿಯಿತು. ಅವನು ಮತ್ತೆ ಹಿಡಿದ. ಮತ್ತೆ ಮುರಿಯಿತು. ಹಣೆಯಲ್ಲಿ ಬೆವರು ಒಡೆದಿತ್ತು. ಅವನು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡ.

"ರಕ್ತ ಎಷ್ಟು ದಿನದಿಂದ ಬರ್ತೈತಿ?" ಎಂದಳು ಹುಲಿಗೆಮ್ಮ.

ವಾದ್ಯದ ಮೇಲೆ ಕೈಯಾಡಿಸುತ್ತ, "ಯುಗಾದಿಯಿಂದ," ಎಂದ.

"ಡಾಕ್ಟರಿಗೆ ಹೇಳೀಯಾ?"

"ಹೇಳಿದ್ರ ಇದನ್ನ ಕಸಗೊಂತಾರಲ್ಲಕ್ಕ."

"ನಾನೂ ಹಂಗ ಅನಕೊಂಡಿದ್ದೆ." ಅವಳು ಪೆಟ್ಟಿಗೆಯನ್ನು ಚೀಲದಿಂದ ತೆಗೆದು ಜಗಲಿಯ ಮೇಲೆ ಇಬ್ಬರ ನಡುವೆ ಇಟ್ಟಳು. "ನೂಯ್ತೈತಿ. ಇಲ್ಲ ಅನ್ನಂಗಿಲ್ಲ. ಈ ಸಲದ ಮದುವಿಗೂ ಹೋಗಾಕ ಆಗಂಗಿಲ್ಲ. ಗುಂಡಿ ನಿನ್ನ ಕೈಯಾಗ ಇರ್ತೈತಿ, ಬ್ಯಾಡ ಅಂದಾಗ ತಿರುವಿ ಬಂದ್ ಮಾಡು."

ಮಾರೆಪ್ಪ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಒಳಗಿನಿಂದ ಅವನ ಹೆಂಡತಿ ಬಂದು ಚಹಾ ಇಟ್ಟು, ಇಬ್ಬರ ಮುಖವನ್ನೂ ನೋಡಿ, ಬಾಗಿಲಲ್ಲಿ ನಿಂತಳು. ಚಹಾ ಆರಿತು. ಆಮೇಲೆ ಅವನು ಪೆಟ್ಟಿಗೆ ಎತ್ತಿಕೊಂಡು ಒಂದು ಗೆರೆ ತಿರುಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೂರನೆಯ ಗೆರೆಗೆ ಅವನ ಕುತ್ತಿಗೆಯ ನರ ಬಿಗಿಯಿತು.

"ಬಂತಕ್ಕ," ಎಂದ, ಹಲ್ಲು ಕಚ್ಚಿ.

"ಉಸರು ಹಿಡೀಬ್ಯಾಡ. ಮೆಲ್ಲಗ ಬಿಡು. ನೀ ಊದವ, ನಿನಗ ನಾ ಹೇಳಬೇಕಾ?"

ಅವನ ಬೆರಳು ಗುಂಡಿಯನ್ನು ಹಿಂದಕ್ಕೆ ತಿರುಗಿಸಲು ಹೋಗಿ ಎರಡರಲ್ಲಿ ನಿಂತಿತು. ಅಲ್ಲಿಂದ ಹಿಂದಕ್ಕೆ ಹೋಗಲಿಲ್ಲ. ಬಾಯಿ ತೆರೆದು, ಉದ್ದಕ್ಕೆ, ಒಂದೇ ಸಮ ಉಸಿರು ಬಿಡತೊಡಗಿದ. ಬೀದಿಯ ಆಚೆ ಹೊಸಪೇಟೆಗೆ ಹೋಗುವ ಸಂಜೆಯ ಬಸ್ಸು ಹಾರ್ನ್ ಹಾಕಿತು. ಹುಲಿಗೆಮ್ಮ ಅತ್ತ ಒಮ್ಮೆ ನೋಡಿ, ಚಪ್ಪಲಿ ಬಿಚ್ಚಿ, ಕಾಲು ಮೇಲೆ ತೆಗೆದುಕೊಂಡು ಕಂಬಕ್ಕೆ ಒರಗಿ ಕುಳಿತಳು.